ಅರ್ಧ ಲೋಟ ಸಾರು, ಒಂದು ಸಣ್ಣ ಮುದ್ದೆ: ಓವನ್‌ನಲ್ಲಿ ಇಷ್ಟೇ ಇಷ್ಟು ಬಿಸಿ ಮಾಡಬಹುದಾ?

ಬಟವಾಡಿ ಮಗಳು

ನಮಸ್ಕಾರ. ಮೈಕ್ರೋವೇವ್ ಬಳಸಿ ಗೊತ್ತಿರುವವರು ಸ್ವಲ್ಪ ಹೇಳಿ. ನಾವಿರುವುದು ತುಮಕೂರಿನ ಬಟವಾಡಿಯಲ್ಲಿ. ನಾನು ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮಧ್ಯಾಹ್ನ ಮನೆಯಲ್ಲಿ ಅಪ್ಪ ಒಬ್ಬರೇ. ಗ್ಯಾಸ್ ಹಚ್ಚಿ ಟಿವಿ ಮುಂದೆ ಕೂತರೆ ಅವರಿಗೆ ಒಲೆಯ ನೆನಪೇ ಇರುವುದಿಲ್ಲ, ಅದಕ್ಕೇ 20 ಲೀಟರಿನ ಸಾದಾ ಓವನ್ ತಂದಿಟ್ಟಿದ್ದೇವೆ, ಬರೀ ಬಿಸಿ ಮಾಡೋದಕ್ಕೆ ಅಷ್ಟೇ, ಗ್ರಿಲ್ಲು ಗಿಲ್ಲು ಏನೂ ಇಲ್ಲ.

ಅಪ್ಪ ಉಣ್ಣುವುದೇ ಕಮ್ಮಿ. ಒಂದು ಸಣ್ಣ ಮುದ್ದೆ, ಅರ್ಧ ಲೋಟ ಬಸ್ಸಾರು, ಒಂದು ಹಿಡಿ ಅನ್ನ. ಒಂದು ನಿಮಿಷ ಇಟ್ಟರೆ ಸಾರು ಪಟ್ ಅಂತ ಸಿಡಿದು ಒಳಗೆಲ್ಲಾ ಕಾಳು, ಸೊಪ್ಪು ಅಂಟಿರುತ್ತದೆ. ಮುದ್ದೆ ಒಂದು ಪಕ್ಕ ಒಣಗಿ ಗಟ್ಟಿ, ನಡುವೆ ಮುರಿದರೆ ಇನ್ನೂ ತಣ್ಣಗೆ. ಪವರ್ ಎಷ್ಟಿಡಬೇಕು, ಎಷ್ಟು ಸೆಕೆಂಡ್ ಇಡಬೇಕು? ಇನ್ನೊಂದು, ತುಂಬಾ ಕಮ್ಮಿ ಊಟ ಇಟ್ಟರೆ ಓವನ್ನೇ ಕೆಡುತ್ತದೆ ಅಂತ ಅಂಗಡಿಯವರು ಹೆದರಿಸಿ ಕಳಿಸಿದ್ದಾರೆ. ನಿಜವಾ? ಅಪ್ಪ ಬೇರೆ ಸ್ಟೀಲ್ ಬಟ್ಟಲು ಬಿಟ್ಟು ಬೇರೇನೂ ಮುಟ್ಟಲ್ಲ.

ಚಿಂತಾಮಣಿ ಅಡುಗೆಮನೆ

ಪವರ್ ಪೂರ್ತಿಯೇ ಇರಲಿ, ಟೈಮ್ ಇಳಿಸಿ, ಅಷ್ಟೇ. ಒಂದು ನಿಮಿಷ ಅನ್ನೋದು ತುಂಬಿದ ತಟ್ಟೆಗೆ. ಅರ್ಧ ಲೋಟ ಅಂದರೆ ಸುಮಾರು 100 ಎಂಎಲ್. ನಿಮ್ಮದು 700 ವಾಟ್‌ನ ಓವನ್ ಅಂದುಕೊಂಡರೆ ಹೊರಗಿಟ್ಟ ಸಾರಿಗೆ 35-40 ಸೆಕೆಂಡ್ ಸಾಕು, ಫ್ರಿಜ್‌ನಿಂದ ತೆಗೆದಿದ್ದಾದರೆ ಇನ್ನೊಂದು 15-20. ಆದರೆ ಒಂದೇ ಸಲ ಅಲ್ಲ. 20 ಸೆಕೆಂಡ್ ಇಡಿ, ತೆಗೆದು ಚಮಚದಲ್ಲಿ ತಳದಿಂದ ಕಲಸಿ, ಮತ್ತೆ ಇಡಿ. ಬಸ್ಸಾರಿನಲ್ಲಿ ಗಟ್ಟಿ ಎಲ್ಲಾ ಕೆಳಗೆ ಕೂತಿರುತ್ತದೆ, ಅದರಡಿ ಆವಿ ಸಿಕ್ಕಿಹಾಕಿಕೊಂಡು ಒಮ್ಮೆಗೇ ಮೇಲೆದ್ದಾಗ ಸಿಡಿಯೋದು. ಇಡುವ ಮೊದಲೇ ಒಂದೆರಡು ಚಮಚ ನೀರು ಹಾಕಿ ಕಲಸಿದರೆ ಅರ್ಧ ತಲೆನೋವು ಹೋಯಿತು.

ಮುಚ್ಚಿಡಿ, ಆದರೆ ಬಿಗಿಯಾಗಿ ಬೇಡ. ಟಿಫಿನ್ ಡಬ್ಬಿಯ ಮುಚ್ಚಳ ಲಾಕ್ ಮಾಡಿ ಇಟ್ಟರೆ ಆವಿ ಹೋಗುವುದಕ್ಕೆ ದಾರಿ ಇರಲ್ಲ. ಮೇಲೊಂದು ಪಿಂಗಾಣಿ ತಟ್ಟೆ ಬೋರಲು ಹಾಕಿ, ಸ್ವಲ್ಪ ಸಂದಿ ಬಿಡಿ.

ಮುದ್ದೆಯನ್ನು ಮುದ್ದೆಯಾಗಿಯೇ ಇಡಬೇಡಿ. ನಾಲ್ಕು ತುಂಡು ಮಾಡಿ, ಕೈ ಒದ್ದೆ ಮಾಡಿಕೊಂಡು ಮೇಲೆಲ್ಲಾ ನೀರು ಚಿಮುಕಿಸಿ, ತಟ್ಟೆಯ ಸುತ್ತ ಜೋಡಿಸಿ, ನಡುವೆ ಖಾಲಿ ಬಿಡಿ. ಮುಚ್ಚಿ 30 ಸೆಕೆಂಡ್. ಆಮೇಲೆ ಬಾಗಿಲು ತೆಗೆಯದೆ ಒಂದು ನಿಮಿಷ ಹಾಗೇ ಬಿಡಿ, ಹೊರಗಿನ ಬಿಸಿ ಒಳಗೆ ಇಳಿಯುತ್ತದೆ. ಈ ಒಂದು ನಿಮಿಷ ಯಾರೂ ಕಾಯಲ್ಲ. ಅದಕ್ಕೇ ಓವನ್ ಸರಿ ಇಲ್ಲ ಅಂತ ಬೈಯೋದು!

ಹಳೇ ಸೌದೆ ಒಲೆ

ತಂಗಳು ಮುದ್ದೆಯನ್ನ ಯಾಕೆ ಬಿಸಿ ಮಾಡ್ತೀರಿ? ಮಜ್ಜಿಗೆಗೆ ಕಿವುಚಿ ಒಂದು ಈರುಳ್ಳಿ ಕಚ್ಚಿಕೊಂಡು ಕುಡಿದರೆ ಆಯಿತಲ್ಲ, ನಮ್ಮ ತಾತ ಮಾಡುತ್ತಿದ್ದದ್ದೂ ಅದೇ. ತಮಾಷೆ ಬಿಡಿ, ಈ ಅಲೆಗಳು ಊಟದಲ್ಲಿ ಉಳಿದುಕೊಳ್ಳುತ್ತವೆ ಅಂತಾರಲ್ಲ, ವಯಸ್ಸಾದವರಿಗೆ ದಿನಾ ಅದನ್ನೇ ಕೊಡೋದು ಸರಿನಾ?

ಕೋಲಾರ ರಿಪೇರಿ

ಮಿಕ್ಸಿ, ವಾಷಿಂಗ್ ಮೆಷಿನ್, ಓವನ್ ರಿಪೇರಿ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಲೆ ಸಾಹೇಬರಿಗೆ. ಊಟದಲ್ಲಿ ಏನೂ ಉಳಿಯಲ್ಲ. ಬಾಗಿಲು ತೆಗೆದ ಕೂಡಲೇ ಸ್ವಿಚ್ ಕಟ್ ಆಗಿ ಅಲೆ ನಿಂತುಹೋಗುತ್ತದೆ, ಲೈಟ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂರದಿದ್ದರೆ ಮಾತ್ರ ಬಳಸಬೇಡಿ.

ಈಗ ಅಕ್ಕನ ಪ್ರಶ್ನೆ. ಅಂಗಡಿಯವರು ಹೇಳಿದ್ದು ಅರ್ಧ ನಿಜ. ಒಳಗೆ ಮ್ಯಾಗ್ನೆಟ್ರಾನ್ ಅಂತ ಇರುತ್ತದೆ, ಅಲೆ ಹುಟ್ಟಿಸೋದು ಅದು. ಊಟದಲ್ಲಿರುವ ನೀರು ಆ ಅಲೆಯನ್ನು ಹೀರಿಕೊಂಡು ಬಿಸಿಯಾಗುತ್ತದೆ. ಹೀರಿಕೊಳ್ಳುವುದಕ್ಕೆ ಏನೂ ಇಲ್ಲ ಅಂದರೆ ಗೋಡೆಯಿಂದ ಗೋಡೆಗೆ ಬಡಿದು ಒಂದಷ್ಟು ಮ್ಯಾಗ್ನೆಟ್ರಾನ್‌ಗೇ ವಾಪಸ್ ಹೋಗಿ ಅದು ಅತಿಯಾಗಿ ಕಾಯುತ್ತದೆ. ಖಾಲಿ ಓವನ್ ಆನ್ ಮಾಡಬೇಡಿ ಅನ್ನೋದು ಇದಕ್ಕೇ. ಅರ್ಧ ಲೋಟ ಸಾರಿಗೆ ಏನೂ ಆಗಲ್ಲ, ಧೈರ್ಯವಾಗಿ ಇಡಿ. ಒಂದು ಚಮಚ ತುಪ್ಪ, ನಾಲ್ಕು ಬೆಳ್ಳುಳ್ಳಿ ಎಸಳು, ಒಣಗಿದ ಅರ್ಧ ಚಪಾತಿ, ಇಂಥದ್ದನ್ನು ಇಟ್ಟು ಎರಡು ಮೂರು ನಿಮಿಷ ಒತ್ತಿ ಹೊರಟುಹೋದರೆ ಓವನ್‌ಗೂ ಕಷ್ಟ, ಬೆಂಕಿಯ ಭಯವೂ ಇದೆ. ಒಣ ಪದಾರ್ಥದಲ್ಲಿ ನೀರು ಮುಗಿದ ಮೇಲೆ ಅದು ಒಳಗಿಂದಲೇ ಕರಕಲಾಗುತ್ತದೆ, ಹೊರಗೆ ನೋಡಿದರೆ ಗೊತ್ತೇ ಆಗಲ್ಲ.

ತುಂಬಾ ಕಮ್ಮಿ ಇಡಬೇಕಾದಾಗ ಪಕ್ಕದಲ್ಲಿ ಒಂದು ಕಪ್ ನೀರು ಇಡಿ. ಜಾಸ್ತಿಯಾದ ಅಲೆಯನ್ನು ಅದು ಹೀರಿಕೊಳ್ಳುತ್ತದೆ, ಊಟ ನಿಧಾನಕ್ಕೆ ಬಿಸಿಯಾಗುತ್ತದೆ. ಬರೀ ಪವರ್ ಕಮ್ಮಿ ಮಾಡಿದರೆ ಸಾಲದು. ಯಾಕಂದ್ರೆ ಸಾದಾ ಓವನ್‌ಗಳಲ್ಲಿ ಪವರ್ ಕಮ್ಮಿ ಅಂದರೆ ಅಲೆ ಕಮ್ಮಿಯಾಗುವುದಲ್ಲ. ಪೂರ್ತಿ ಪವರ್‌ನಲ್ಲಿ ಸ್ವಲ್ಪ ಹೊತ್ತು ಓಡುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಓಡುತ್ತದೆ. ಕಿವಿಗೊಟ್ಟು ಕೇಳಿ, ಗುಂಯ್ ಅನ್ನೋ ಸದ್ದು ಮಧ್ಯೆ ಮಧ್ಯೆ ತೆಳ್ಳಗಾಗುತ್ತದೆ. ಈ ಸುತ್ತು ಮುಗಿಯೋಕೆ ಸಾಮಾನ್ಯವಾಗಿ 20-30 ಸೆಕೆಂಡ್ ಬೇಕು. ಹಾಗಾಗಿ ನೀವು ಲೋ ಪವರ್‌ನಲ್ಲಿ 10 ಸೆಕೆಂಡ್ ಇಟ್ಟರೆ ಅಷ್ಟೂ ಹೊತ್ತು ಪೂರ್ತಿ ಪವರ್ರೇ ಬಿದ್ದಿರಬಹುದು. ಮೀಡಿಯಂನಲ್ಲಿ ಒಂದು ನಿಮಿಷ ಅನ್ನುವುದಾದರೆ ಸರಿ. ಇನ್ವರ್ಟರ್ ಓವನ್ ಅಂತ ಬರುತ್ತದಲ್ಲ, ಅದರ ಲೆಕ್ಕ ಬೇರೆ, ಅದು ನಿಜವಾಗಲೂ ಅಲೆಯನ್ನೇ ತಗ್ಗಿಸುತ್ತದೆ.

ಇನ್ನು ಮುದ್ದೆ ಒಂದೇ ಪಕ್ಕ ಒಣಗುವುದು. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಒಳಗೆ ಕೆಲವು ಕಡೆ ಬಿಸಿ ಜಾಗ, ಕೆಲವು ಕಡೆ ತಣ್ಣನೆ ಜಾಗ ಆಗುತ್ತದೆ. ಗಾಜಿನ ತಟ್ಟೆ ತಿರುಗುವುದೇ ಇದಕ್ಕಾಗಿ. ಸಣ್ಣ ಬಟ್ಟಲನ್ನು ಸರಿಯಾಗಿ ನಡುವೆ ಇಟ್ಟರೆ ಅದು ನಿಂತ ಜಾಗದಲ್ಲೇ ಗಿರಗಿರ ತಿರುಗುತ್ತದೆ, ಎಷ್ಟು ತಿರುಗಿದರೂ ಅದೇ ಜಾಗ. ಅಂಚಿಗೆ ಇಡಿ. ಎಲ್ಲಾ ಕಡೆ ಸುತ್ತಿಕೊಂಡು ಬರುತ್ತದೆ.

ಸಾರು ಸಿಡಿದಿದೆ ಅಂದಿರಲ್ಲ, ಒಳಗಿನ ಪಕ್ಕದ ಗೋಡೆಯಲ್ಲಿ ಕಂದು ಬಣ್ಣದ ರಟ್ಟಿನ ಥರದ ಒಂದು ಚೌಕ ಇದೆಯಾ ನೋಡಿ. ಅದು ಮೈಕಾ ಶೀಟ್. ಅಲೆ ಒಳಗೆ ಬರುವುದು ಅಲ್ಲಿಂದಲೇ. ಅದರ ಮೇಲೆ ಜಿಡ್ಡು, ಕಾಳು ಅಂಟಿಕೊಂಡು ಸುಟ್ಟು ಕಪ್ಪಾದರೆ ಅಲ್ಲಿ ಕಿಡಿ ಹಾರೋಕೆ ಶುರುವಾಗುತ್ತದೆ. ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಉಜ್ಜಬೇಡಿ. ತೂತು ಬಿದ್ದಿದ್ದರೆ ಬದಲಾಯಿಸಲೇಬೇಕು. ದಯವಿಟ್ಟು ಓವನ್‌ನ ಹಿಂಬದಿ ಸ್ಕ್ರೂ ಯಾರೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 2,000 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಜೀವ ಹೋಗುತ್ತೆ.

ಸ್ಟೀಲ್ ಬಟ್ಟಲು ಬೇಡ. ಅಲೆ ಸ್ಟೀಲನ್ನು ದಾಟಲ್ಲ, ಊಟ ಮೇಲಿಂದ ಮಾತ್ರ ಬಿಸಿಯಾಗುತ್ತದೆ, ಗೋಡೆಗೆ ತಾಗಿದರೆ ಅಥವಾ ಒಳಗೆ ಚಮಚ ಬಿಟ್ಟರೆ ಕಿಡಿ. ಚಿನ್ನದ ಗೆರೆ ಇರುವ ಕಪ್ಪುಗಳೂ ಬೇಡ.

ಬಟವಾಡಿ ಮಗಳು

ಅಣ್ಣಾ, ತುಂಬಾ ಥ್ಯಾಂಕ್ಸ್. ಈಗಲೇ ಹೋಗಿ ನೋಡಿದೆ, ಮೈಕಾ ಶೀಟ್ ಮೇಲೆ ಅವರೆಕಾಳಿನ ಸಿಪ್ಪೆ ಒಣಗಿ ಕೂತಿದೆ! ಒರೆಸುತ್ತೇನೆ. ಇನ್ನೊಂದು, ನಾಲ್ಕು ಗಂಟೆಗೆ ಅಪ್ಪ ಕಾಫಿಗೆ ನೀರು ಕಾಯಿಸಿಕೊಳ್ಳುತ್ತಾರೆ. ಒಂದೇ ಲೋಟ ನೀರು, ಇನ್‌ಸ್ಟಂಟ್ ಪುಡಿ. ಅದಕ್ಕೆ ತೊಂದರೆ ಇಲ್ಲ ಅಲ್ವಾ?

ಕೋಲಾರ ರಿಪೇರಿ

ಇದೆ. ಇದೇ ಎಲ್ಲಕ್ಕಿಂತ ಜೋಪಾನ. ನುಣುಪಾದ ಗಾಜಿನ ಲೋಟದಲ್ಲಿ ಬರೀ ನೀರು ಇಟ್ಟು ಜಾಸ್ತಿ ಹೊತ್ತು ಬಿಟ್ಟರೆ, ಅದು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಇರಬಹುದು. ಗುಳ್ಳೆ ಏಳುವುದಕ್ಕೆ ಒರಟು ಜಾಗವೇ ಸಿಕ್ಕಿರಲ್ಲ. ನೋಡಿದರೆ ಇನ್ನೂ ಕಾದಿಲ್ಲ ಅನ್ನಿಸುತ್ತದೆ. ಪುಡಿ ಹಾಕಿದ ತಕ್ಷಣ, ಇಲ್ಲ ಲೋಟ ಅಲುಗಿದ ತಕ್ಷಣ ಅಷ್ಟೂ ಬುಗ್ಗೆ ಎದ್ದು ಕೈ ಮುಖದ ಮೇಲೆ ಬರುತ್ತದೆ. ಒಂದು ಸಲ ಕಾಯಿಸಿ ಆರಿದ ನೀರನ್ನು ಮತ್ತೆ ಕಾಯಿಸಿದರೆ ಇದು ಇನ್ನೂ ಸುಲಭವಾಗಿ ಆಗುತ್ತದೆ, ಒಳಗಿನ ಗಾಳಿ ಹೋಗಿಬಿಟ್ಟಿರುತ್ತದಲ್ಲ. ಇಡುವಾಗಲೇ ಲೋಟದಲ್ಲಿ ಒಂದು ಮರದ ಚಮಚ ಬಿಡಿ, ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಬೇಡ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಲಿ. ಸತ್ಯ ಹೇಳಬೇಕು ಅಂದ್ರೆ ತಾನಾಗೇ ಆಫ್ ಆಗುವ ಎಲೆಕ್ಟ್ರಿಕ್ ಕೆಟಲ್ ತಂದುಕೊಡಿ, ಅದೇ ವಾಸಿ.

ನೈಟ್ ಡ್ಯೂಟಿ ಸಿಸ್ಟರ್

ನಾನು ಗೌರಿಬಿದನೂರಿನವಳು, ನರ್ಸ್. ಎಲ್ಲರೂ ಓವನ್ ಬಗ್ಗೆ ಹೇಳಿದಿರಿ, ಅನ್ನದ ಬಗ್ಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಮಾಡಿದ ಅನ್ನ ಮಧ್ಯಾಹ್ನದ ತನಕ ಕುಕ್ಕರ್‌ನಲ್ಲೇ ಮುಚ್ಚಿಟ್ಟಿರುತ್ತದಾ? ಹಾಗೆ ಮಾಡಬೇಡಿ, ಅದೂ ಬೇಸಿಗೆಯಲ್ಲಿ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರ ಬೀಜಕಣ ಅಕ್ಕಿ ಬೆಂದರೂ ಸಾಯಲ್ಲ. ಅನ್ನ ಬೆಚ್ಚಗೆ ಕೂತಿದ್ದರೆ ಬೆಳೆದು ವಿಷ ಬಿಡುತ್ತದೆ, ಆ ವಿಷ ಆಮೇಲೆ ಎಷ್ಟು ಬಿಸಿ ಮಾಡಿದರೂ ಹೋಗಲ್ಲ. ವಾಂತಿ ಬಂದಾಗ ಎಲ್ಲರೂ ಓವನ್ ಮೇಲೆ ಹಾಕುತ್ತಾರೆ! ಮಾಡಿದ ಮೇಲೆ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಅಪ್ಪನ ಪಾಲಿನಷ್ಟನ್ನು ಬೇರೆ ಬಟ್ಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಹೋಗಿ. ಬಿಸಿ ಮಾಡುವಾಗ ಬರೀ ಬೆಚ್ಚಗಾದರೆ ಸಾಲದು, ನಡುವೆಯೂ ಹೊಗೆಯಾಡುವಷ್ಟು ಆಗಬೇಕು, 74 ಡಿಗ್ರಿ ಅನ್ನೋದು ಲೆಕ್ಕ. ಉಳಿದದ್ದನ್ನು ಇನ್ನೊಂದು ಸಲ ಬಿಸಿ ಮಾಡಬೇಡಿ.

ಪುಟ್ಟ ಮಕ್ಕಳಿರುವವರು ಇದನ್ನು ಓದುತ್ತಿದ್ದರೆ, ಬಾಟಲಿ ಹಾಲನ್ನು ಓವನ್‌ನಲ್ಲಿ ಇಡಲೇಬೇಡಿ. ಬಾಟಲಿ ಮುಟ್ಟಿದರೆ ಉಗುರು ಬೆಚ್ಚಗೆ ಇರುತ್ತದೆ, ಒಳಗೆ ಒಂದು ಕಡೆ ನಾಲಿಗೆ ಸುಡುವಷ್ಟು ಬಿಸಿ. ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು.

ಚಿಂತಾಮಣಿ ಅಡುಗೆಮನೆ

ಸಿಸ್ಟರ್ ಹೇಳಿದ್ದು ಸರಿ. ಸ್ಟೀಲ್ ಬೇಡ ಅಂದ್ರೆ ಪಾತ್ರೆ ಯಾವುದು ಅಂತೀರಾ, ಹಳೇ ಪಿಂಗಾಣಿ ಬಟ್ಟಲು ಇದ್ದರೆ ಹೀಗೆ ನೋಡಿ: ಖಾಲಿ ಬಟ್ಟಲು, ಪಕ್ಕದಲ್ಲಿ ಒಂದು ಕಪ್ ನೀರು, ಒಂದು ನಿಮಿಷ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಬಳಸಬಹುದು. ಬಟ್ಟಲೇ ಕಾದರೆ ಬೇಡ. ಮೆಲಮೈನ್ ತಟ್ಟೆ ಬೇಡ. ಹೋಟೆಲ್‌ನವರು ಸಾಂಬಾರು ಕಟ್ಟಿಕೊಡುವ ತೆಳು ಪ್ಲಾಸ್ಟಿಕ್ ಕವರ್ ಅಂತೂ ಹಾಗೇ ಒಳಗಿಡಬೇಡಿ.

ಬಟವಾಡಿ ಮಗಳು

ಎಲ್ಲಾ ಬರೆದುಕೊಂಡೆ. ಸಾರು 20+20, ಮುದ್ದೆ 30, ಅಂಚಿಗೆ, ಮುಚ್ಚಿ. ಓವನ್ ಬಾಗಿಲಿಗೇ ದಪ್ಪ ಅಕ್ಷರದಲ್ಲಿ ಅಂಟಿಸುತ್ತೇನೆ. ಭಾನುವಾರ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರುತ್ತೇವೆ, ಒಂದು ಉಳಿದೇ ಉಳಿಯುತ್ತದೆ. ಅದಕ್ಕೆಷ್ಟು?

ಚಿಂತಾಮಣಿ ಅಡುಗೆಮನೆ

ಎರಡು ಚಮಚ ನೀರು ಚಿಮುಕಿಸಿ, ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಮೇಲೆ ಮುಚ್ಚಿ, 25 ಸೆಕೆಂಡ್. ಫ್ರಿಜ್‌ನಿಂದ ತೆಗೆದಿದ್ದಾದರೆ ಇಡ್ಲಿ ತಿರುಗಿಸಿ ಹಾಕಿ ಇನ್ನೊಂದು 20, ನಡುವೆ ಬೆರಳಿಟ್ಟು ನೋಡಿ. ಚಟ್ನಿ ಒಳಗಿಡಬೇಡಿ.