ಹೆಡ್‌ಲೈಟಿಗೆ 100 ವ್ಯಾಟ್ ಬಲ್ಬ್ ಹಾಕಿಸಲಾ? ಚಾರ್ಮಾಡಿ ಇಳಿಯುವವರ ಪ್ರಶ್ನೆ, ಆಟೋ ಎಲೆಕ್ಟ್ರಿಷಿಯನ್ ಉತ್ತರ

ಪ್ರಶ್ನೆ:
ಅಣ್ಣ, ನಮಸ್ಕಾರ. ನನ್ನದು 2013ರ ಸಣ್ಣ ಪೆಟ್ರೋಲ್ ಕಾರು, ಓಡಿರೋದು 90 ಸಾವಿರ ಕಿಲೋಮೀಟರ್. ಕೆಲಸ ಮೂಡಿಗೆರೆಯಲ್ಲಿ, ಮನೆ ಬೆಳ್ತಂಗಡಿ ಹತ್ತಿರ. ಶನಿವಾರ ಕೆಲಸ ಮುಗಿಸಿ ಹೊರಟರೆ ಕೊಟ್ಟಿಗೆಹಾರ ದಾಟುವಾಗಲೇ ಕತ್ತಲಾಗಿರುತ್ತದೆ, ಆಮೇಲೆ ಪೂರ್ತಿ ಚಾರ್ಮಾಡಿ ಘಾಟಿ. ಮಳೆಗಾಲದಲ್ಲಿ ರಸ್ತೆ ಎಲ್ಲಿ ಮುಗಿಯುತ್ತೆ, ಚರಂಡಿ ಎಲ್ಲಿ ಶುರುವಾಗುತ್ತೆ ಗೊತ್ತಾಗಲ್ಲ. ಹೋದ ವಾರ ತಿರುವಿನಲ್ಲಿ ನಿಂತಿದ್ದ ದನ ತೀರಾ ಹತ್ತಿರ ಬಂದ ಮೇಲೆ ಕಂಡಿತು. ಅಂಗಡಿಯಲ್ಲಿ ಒಬ್ಬರು 100/90 ಬಲ್ಬ್ (ಹೈಬೀಮಿಗೆ 100, ಡಿಮ್‌ಗೆ 90 ವ್ಯಾಟ್) ಹಾಕಿಸಿ, ಅದೇ ಹೋಲ್ಡರಿಗೆ ಕೂರುತ್ತದೆ ಎಂದರು. ಇನ್ನೊಬ್ಬರು ಡಬ್ಬದ ಮೇಲೆ 20,000 ಲ್ಯೂಮೆನ್ (ಬೆಳಕಿನ ಅಳತೆ) ಎಂದು ಬರೆದ ಎಲ್‌ಇಡಿ ತೋರಿಸಿದರು. ನಮ್ಮ ಭಾವ ಎಚ್‌ಐಡಿ (ಸುರುಳಿ ಇಲ್ಲದ, ಗ್ಯಾಸ್ ತುಂಬಿದ ಕ್ಸೆನಾನ್ ಲೈಟ್) ಹಾಕಿಸು ಅಂತಾರೆ. ಫಾಗ್ ಲ್ಯಾಂಪಿಗೂ ಏನಾದರೂ ಮಾಡಿಸಬೇಕು. ಬಜೆಟ್ ನಾಲ್ಕು ಸಾವಿರ. ಯಾವುದು ಹಾಕಿಸಲಿ?

ಉತ್ತರ:
ಸದ್ಯಕ್ಕೆ ಯಾವುದೂ ಬೇಡ. ಬಂದ ಗಿರಾಕಿಯನ್ನು ವಾಪಸ್ ಕಳಿಸ್ತಾನಲ್ಲ ಅಂದುಕೊಳ್ಳಬೇಡಿ, ಮೊದಲು ಮೂರು ವಿಷಯ ನೋಡಿ ಬಂದು ಹೇಳಿ.

ಒಂದು, ಹಗಲಲ್ಲಿ ಹೆಡ್‌ಲೈಟ್ ಗ್ಲಾಸ್ ನೋಡಿ. ಹೆಸರಿಗೆ ಗ್ಲಾಸ್, ನಿಜಕ್ಕೂ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಹತ್ತು ವರ್ಷ ಬಿಸಿಲಲ್ಲಿ ನಿಂತರೆ ಮೇಲಿನ ಕೋಟಿಂಗ್ ಎದ್ದುಹೋಗಿ ಹಳದಿ ಕಟ್ಟುತ್ತದೆ. ಎರಡು, ಈಗಿರುವ ಬಲ್ಬ್ ಯಾವಾಗ ಹಾಕಿಸಿದ್ದು? ಹ್ಯಾಲೊಜೆನ್ ಬಲ್ಬ್ ಹಳೆಯದಾದ ಹಾಗೆ ಸುಡುವ ಮೊದಲೇ ಮಂಕಾಗುತ್ತಾ ಬರುತ್ತದೆ, ದಿನಾ ನೋಡುವ ನಮಗೆ ಅದು ಗೊತ್ತೇ ಆಗಲ್ಲ. ಮೂರನೆಯದು ಮುಖ್ಯ. ಇಂಜಿನ್ ಚಾಲೂ ಇರಲಿ, ಲೈಟ್ ಉರಿಯುತ್ತಿರಲಿ, ಮಲ್ಟಿಮೀಟರಿನಲ್ಲಿ ಬ್ಯಾಟರಿ ವೋಲ್ಟೇಜ್ ನೋಡಿ, ಆಮೇಲೆ ಬಲ್ಬಿನ ಹಿಂದೆ ಹೋಲ್ಡರಿನಲ್ಲಿ ನೋಡಿ. ಬಲ್ಬ್ ಸಿಕ್ಕಿಸಿದ ಹಾಗೇ ಅಳೆಯಬೇಕು. ಹೋಲ್ಡರ್ ಕಿತ್ತು ಬರೀ ಕನೆಕ್ಟರಿನಲ್ಲಿ ಅಳೆದರೆ ಲೋಡ್ ಇಲ್ಲದ ಕಾರಣ ವೋಲ್ಟೇಜ್ ಚೆನ್ನಾಗೇ ತೋರಿಸುತ್ತದೆ, ಮೋಸ ಹೋಗ್ತೀರಿ.

ಆ 20,000 ಲ್ಯೂಮೆನ್ ಡಬ್ಬದ ವಿಷಯ: ನಿಮ್ಮ ಕಾರಿನ 60/55 ವ್ಯಾಟ್ ಎಚ್4 ಬಲ್ಬ್ ಹೊಸದಿದ್ದಾಗ ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್, ಹೈಬೀಮಿನಲ್ಲಿ ಸುಮಾರು 1650 ಕೊಡುತ್ತದೆ. ಅದರ ಹತ್ತಿಪ್ಪತ್ತು ಪಟ್ಟು ಬೆಳಕು ಬೆರಳುದ್ದದ ಬಲ್ಬಿನಿಂದ ಬಂದರೆ ಅದರ ಬಿಸಿಗೆ ಮೊದಲು ಅದೇ ಕರಗಬೇಕು. ಡಬ್ಬದ ಮೇಲೆ ಬರೆಯೋಕೆ ಕಾಸು ಬೇಕಾ?

ಪ್ರಶ್ನೆ (ಅದೇ ಚಾರ್ಮಾಡಿಯವರು, ಎರಡು ದಿನ ಬಿಟ್ಟು):
ಅಣ್ಣ, ಮೀಟರ್ ಸಾಲ ತಂದು ನೋಡಿದೆ. ಬ್ಯಾಟರಿಯಲ್ಲಿ 13.8, ಎಡಗಡೆ ಬಲ್ಬಿನಲ್ಲಿ 12.2, ಬಲಗಡೆ 11.9. ಗ್ಲಾಸ್ ಎರಡೂ ಹಳದಿ, ಮೇಲ್ಭಾಗ ಒರಟಾಗಿದೆ. ಬಲ್ಬ್ ಯಾವಾಗಿನದೋ ದೇವರಿಗೇ ಗೊತ್ತು, ನಾನು ಕಾರು ತಗೊಂಡ ಮೇಲೆ ಬದಲಾಯಿಸಿಲ್ಲ.

ಉತ್ತರ:
ನೋಡಿ, ಕಳ್ಳ ಸಿಕ್ಕ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಅದಕ್ಕಿಂತ ತುಂಬಾ ಜಾಸ್ತಿ ಇಳಿಯುತ್ತದೆ. ನೂರಕ್ಕೆ ಹತ್ತು ವೋಲ್ಟೇಜ್ ಹೋದರೆ ಬೆಳಕು ಹತ್ತಿರ ಹತ್ತಿರ ಮೂವತ್ತು ಹೋಗುತ್ತದೆ. ನಿಮ್ಮ ಎಡಗಡೆ ಲೆಕ್ಕ ಹಾಕಿದರೆ 13.8 ಇರಬೇಕಾದ ಕಡೆ 12.2, ಅಂದರೆ ಮೂರನೇ ಒಂದು ಭಾಗ ಬೆಳಕು ವೈರಿನಲ್ಲೇ ಸೋರಿಹೋಗಿದೆ. ಬಲಗಡೆ ಇನ್ನೂ ಮೋಸ. ಉಳಿದದ್ದನ್ನು ಮುದಿ ಬಲ್ಬ್ ತಿಂದಿದೆ, ಅದರಲ್ಲೂ ಮಿಕ್ಕಿದ್ದನ್ನು ಹಳದಿ ಗ್ಲಾಸ್ ತಡೆದಿದೆ. ಇಷ್ಟರ ಮೇಲೆ ರಸ್ತೆಗೆ ಬೀಳುವುದು ಪ್ರಸಾದ.

ಹಳೇ ಕಾರುಗಳಲ್ಲಿ ಹೆಡ್‌ಲೈಟ್ ಕರೆಂಟ್ ಪೂರ್ತಿ ಸ್ಟೀರಿಂಗ್ ಹತ್ತಿರದ ಸ್ವಿಚ್ ಮೂಲಕ, ಉದ್ದನೆಯ ಸಣ್ಣ ವೈರಿನಲ್ಲಿ ಸುತ್ತಿಕೊಂಡು ಬರುತ್ತದೆ. ಇದಕ್ಕೆ ರಿಲೇ ಕಿಟ್ ಹಾಕಿಸಿ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ದಪ್ಪ ವೈರಿನಲ್ಲಿ ನೇರ ಬಲ್ಬಿಗೆ. ಸ್ವಿಚ್ ಬರೀ ರಿಲೇಯನ್ನು ಎಬ್ಬಿಸುವ ಕೆಲಸ ಮಾಡುತ್ತದೆ. ಅರ್ಥ್ ವೈರ್ ಬಾಡಿಗೆ ಕೂರುವ ಬೋಲ್ಟ್ ಬಿಚ್ಚಿಸಿ, ತುಕ್ಕು ಉಜ್ಜಿಸಿ ಮತ್ತೆ ಬಿಗಿ ಮಾಡಿಸಿ. ಘಾಟಿ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಅರ್ಥ್ ಕೆಟ್ಟಿರುವುದೇ ಜಾಸ್ತಿ, ಎಷ್ಟೋ ಸಲ ಅದೊಂದನ್ನೇ ಸರಿ ಮಾಡಿ ಕಳಿಸಿದ್ದೇನೆ. ಬಲ್ಬ್ ಹೊಸದು ಹಾಕಿಸಿ, ಒಳ್ಳೇ ಕಂಪನಿಯ 60/55 ಸಾಕು. ಗ್ಲಾಸಿಗೆ ನೀರು ಹಾಕುತ್ತಾ 800ರಿಂದ ಶುರು ಮಾಡಿ 2000 ನಂಬರಿನವರೆಗೆ ಮರಳು ಕಾಗದ ಉಜ್ಜಿಸಿ, ಪಾಲಿಷ್ ಮಾಡಿಸಿ, ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಸಿ. ಆ ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿಡಿಯೋ ನೋಡಿ ಖುಷಿಪಡಿ, ಅಷ್ಟೇ.

ಹೊಸ ಕಾರಿನವರು ಇದನ್ನು ಓದಿ ರಿಲೇ ಕಿಟ್ ತರೋಕೆ ಓಡಬೇಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ರಿಲೇ ಮೊದಲೇ ಇರುತ್ತದೆ, ಇಲ್ಲವೇ ಲೈಟನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಳೆದು ನೋಡಿ, ನಷ್ಟ ಅರ್ಧ ವೋಲ್ಟಿನ ಒಳಗಿದ್ದರೆ ವೈರಿಂಗ್ ಮುಟ್ಟಲೇಬೇಡಿ.

ಪ್ರಶ್ನೆ (ನಡುವೆ ಇನ್ನೊಬ್ಬರು):
ರಿಲೇ ಹಾಕಿದ ಮೇಲೆ 100/90 ಹಾಕಬಹುದಲ್ವಾ ಸರ್? ರಿಲೇ ಹಾಕುವುದೇ ಅದಕ್ಕೆ ಅಂತ ಕೇಳಿದ್ದೆ.

ಉತ್ತರ:
ವೈರ್ ತಡೆಯುತ್ತದೆ. ಡೂಮ್, ಅಂದರೆ ಗ್ಲಾಸ್, ರಿಫ್ಲೆಕ್ಟರ್ ಸೇರಿದ ಹೆಡ್‌ಲೈಟ್ ಡಬ್ಬಿ, ತಡೆಯಲ್ಲ.

ಹೋದ ವರ್ಷ ಒಂದು ಗಾಡಿ ಬಂದಿತ್ತು. ರಿಲೇ ಇಲ್ಲದೆ 100/90 ಹಾಕಿ ಎರಡು ಮಳೆಗಾಲ ಓಡಿಸಿದ್ದರು. ಎಡಗಡೆ ಲೈಟ್ ಉರೀತಾ ಇಲ್ಲ ಅಂತ ಬಂದಿದ್ದು. ರಬ್ಬರ್ ಕ್ಯಾಪ್ ತೆಗೆದು ಹೋಲ್ಡರ್ ಎಳೆದರೆ ಬರಲೇ ಇಲ್ಲ. ಪ್ಲಾಸ್ಟಿಕ್ ಕರಗಿ ಬಲ್ಬಿನ ಮೂರು ಕಾಲಿಗೂ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಕತ್ತರಿಸಿ ತೆಗೆದೆ. ವೈರಿನ ತುದಿ ಕಪ್ಪಾಗಿ, ಮುಟ್ಟಿದರೆ ಪುಡಿ. ಒಳಗೆ ರಿಫ್ಲೆಕ್ಟರ್ ಮೇಲ್ಗಡೆ ಎಂಟಾಣೆ ಅಗಲ ಬೆಳ್ಳಿ ಬಣ್ಣ ಸುಟ್ಟು ಕಂದಾಗಿತ್ತು. ರಿಫ್ಲೆಕ್ಟರ್ ಹೋದ ಮೇಲೆ ಯಾವ ಬಲ್ಬ್ ಹಾಕಿದರೂ ಅಷ್ಟೇ, ಡೂಮ್ ಪೂರ್ತಿ ಹೊಸದು ಬೇಕು.

ಲೆಕ್ಕ ಸುಲಭ. 12 ವೋಲ್ಟಿನಲ್ಲಿ 55 ವ್ಯಾಟ್ ಬಲ್ಬ್ ನಾಲ್ಕೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತದೆ, 100 ವ್ಯಾಟಿನದು ಎಂಟರ ಮೇಲೆ. ಎರಡು ಸೇರಿದರೆ ಹದಿನಾರು ದಾಟಿತು. ಫ್ಯೂಸ್ ಹಾರುತ್ತೆ ಅಂತ ದೊಡ್ಡ ಫ್ಯೂಸ್ ಹಾಕುವವರೂ ಇದ್ದಾರೆ. ಆಗ ಫ್ಯೂಸಿನ ಬದಲು ವೈರ್ ಸುಡುತ್ತದೆ. ಹಾಗಾಗಿ ರಿಲೇ ಹಾಕಿ 60/55 ಬಲ್ಬಿಗೆ ಪೂರ್ತಿ ವೋಲ್ಟೇಜ್ ಕೊಡಿ. ಇನ್ನೂ ಬೇಕು ಅಂದರೆ ಅದೇ ವ್ಯಾಟಿನಲ್ಲಿ ಬರುವ ನೈಟ್ ಬ್ರೇಕರ್, ಎಕ್ಸ್‌ಟ್ರೀಮ್ ವಿಷನ್ ತರದ ಬಲ್ಬ್ ಹಾಕಿಸಿ. ಕರೆಂಟ್ ಜಾಸ್ತಿ ಎಳೆಯಲ್ಲ, ಆದರೆ ಆಯುಸ್ಸು ಕಡಿಮೆ. ನೀಲಿ ಬಣ್ಣ ಬಳಿದ ಬಲ್ಬ್ ಮಾತ್ರ ಬೇಡ. ಆ ಬಣ್ಣ ಬೆಳಕನ್ನು ತಡೆಯೋಕೇ ಇರೋದು.

ಹಾಕುವಾಗ ಬಲ್ಬಿನ ಗಾಜು ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್‌ನಲ್ಲಿ ಒರೆಸಿ.

ಪ್ರಶ್ನೆ (ಹಾಸನದಿಂದ ಒಬ್ಬ ಮೇಡಂ):
ನಾನು ಎಲ್‌ಇಡಿ ಹಾಕಿಸಿ ಆರು ತಿಂಗಳಾಯಿತು. ಕಾರಿನ ಮುಂದೆ ಹಾಲು ಚೆಲ್ಲಿದ ಹಾಗೆ ಬೆಳಕಿದೆ. ಆದರೆ ಎದುರು ಬರುವವರೆಲ್ಲ ಡಿಮ್-ಡಿಪ್ ಮಾಡಿ ಬೈದುಕೊಂಡು ಹೋಗ್ತಾರೆ, ನಾನು ಡಿಮ್‌ನಲ್ಲೇ ಇರ್ತೀನಿ! ಮಳೆ ಬಂದರೆ ಮಾತ್ರ ಮೊದಲಿಗಿಂತ ಕಡಿಮೆ ಕಾಣುತ್ತೆ ಅನಿಸುತ್ತೆ. ನನ್ನ ಭ್ರಮೆನಾ?

ಉತ್ತರ:
ಭ್ರಮೆ ಅಲ್ಲ ಮೇಡಂ, ಅವರು ಬೈಯುವುದರಲ್ಲೂ ನ್ಯಾಯ ಇದೆ.

ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಒಳಗೆ ಎರಡು ಸಣ್ಣ ಸುರುಳಿ ಕಾಣುತ್ತದೆ. ಡಿಮ್ ಸುರುಳಿಯ ಕೆಳಗೆ ಉಗುರಿನಷ್ಟು ಒಂದು ಲೋಹದ ಬಟ್ಟಲು. ಆ ಬಟ್ಟಲು ಕೆಳಗೆ ಹೋಗುವ ಬೆಳಕನ್ನು ತಡೆದು, ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಿಡುತ್ತದೆ. ಅಲ್ಲಿ ಬಡಿದ ಬೆಳಕು ರಸ್ತೆಗೆ ಇಳಿಯುತ್ತದೆ, ಎದುರಿನವರ ಕಣ್ಣಿಗೆ ಏರುವುದಿಲ್ಲ. ನಿಮ್ಮ ಡೂಮಿನ ಲೆಕ್ಕವೆಲ್ಲ ಆ ಸುರುಳಿ ಎಲ್ಲಿ ಕೂತಿದೆ, ಎಷ್ಟು ದಪ್ಪ ಇದೆ ಅನ್ನುವುದರ ಮೇಲೆ ನಿಂತಿದೆ. ಎಲ್‌ಇಡಿಯಲ್ಲಿ ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಫೋಕಸ್ ಚೆಲ್ಲಾಪಿಲ್ಲಿ. ಕೆಲವು ಚೆನ್ನಾಗಿ ಕೂರುತ್ತವೆ, ಇಲ್ಲ ಅನ್ನಲ್ಲ, ನನ್ನ ಕೈಗೆ ಬಂದವುಗಳಲ್ಲಿ ಅಂಥವು ಕಡಿಮೆ.

ರಾತ್ರಿ ಗೋಡೆ ಎದುರು ನಿಲ್ಲಿಸಿ ಡಿಮ್ ಹಾಕಿ. ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಸ್ಪಷ್ಟ ಗೆರೆ ಕಾಣಬೇಕು. ಗೆರೆ ಇಲ್ಲದೆ ಗೋಡೆ ತುಂಬ ಬೆಳಕು ಹರಡಿದ್ದರೆ ಆ ಬಲ್ಬ್ ನಿಮ್ಮ ಡೂಮಿಗೆ ಆಗಲ್ಲ.

ಹಾಲು ಚೆಲ್ಲಿದ ಹಾಗೆ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಬಾನೆಟ್ ಮುಂದಿನ ಹತ್ತು ಮೀಟರ್ ಜೋರಾಗಿ ಬೆಳಗಿದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಆಗ ಐವತ್ತು ಮೀಟರ್ ಆಚೆ ಇರುವ ಸೈಕಲ್ ಕತ್ತಲಲ್ಲಿ ಮುಳುಗುತ್ತದೆ, ಆದರೂ ಮನಸ್ಸಿಗೆ ಚೆನ್ನಾಗಿ ಕಾಣ್ತಿದೆ ಅನ್ನಿಸುತ್ತಿರುತ್ತದೆ. ಮಳೆಯಲ್ಲಿ ಒದ್ದೆ ಟಾರು ಕನ್ನಡಿ ಥರ ಬೆಳಕನ್ನು ಮುಂದಕ್ಕೆ ಜಾರಿಸಿಬಿಡುತ್ತದೆ, ನಮ್ಮ ಕಡೆ ವಾಪಸ್ ಬರುವುದೇ ಕಡಿಮೆ. ಬೀಳುವ ಹನಿಗಳು ಮಾತ್ರ ಮಿಂಚುತ್ತವೆ.

ಇನ್ನೊಂದು ಮಾತು. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟ್ ಹಾಕಿದವರ ಮೇಲೆ ಕೇಸ್ ಹಾಕುವ ಕಾರ್ಯಾಚರಣೆ ಶುರು ಮಾಡಿದರು, ಬಸ್ಸು ಲಾರಿಗಳೂ ಸಿಕ್ಕಿಬಿದ್ದವು. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಭಾಗ ಹಾಕಿ ಗಾಡಿ ಬದಲಾಯಿಸಿದರೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಬೀಳಬಹುದು. ನಿಮ್ಮ ಕಾರಿನ ಮೇಲಿನ ಮಾಡೆಲ್‌ನಲ್ಲಿ ಕಂಪನಿಯೇ ಎಲ್‌ಇಡಿ ಡೂಮ್ ಕೊಟ್ಟಿದ್ದರೆ ಅದರ ಕತೆ ಬೇರೆ, ಆ ಡೂಮನ್ನು ಎಲ್‌ಇಡಿಗೆಂದೇ ಮಾಡಿರುತ್ತಾರೆ.

ಪ್ರಶ್ನೆ (ಚಾರ್ಮಾಡಿಯವರು):
ಹಾಗಾದರೆ ಎಚ್‌ಐಡಿ? ಭಾವ ಬಿಡ್ತಾ ಇಲ್ಲ.

ಉತ್ತರ:
ಭಾವನಿಗೆ ನಮಸ್ಕಾರ ಹೇಳಿ. ಸಾಮಾನ್ಯ 35 ವ್ಯಾಟ್ ಎಚ್‌ಐಡಿ 3000 ಲ್ಯೂಮೆನ್ ದಾಟುತ್ತದೆ, ಪ್ರೊಜೆಕ್ಟರ್ (ಬೆಳಕನ್ನು ಕೂಡಿಸಿ ರಸ್ತೆಗೆ ಬಿಡುವ ಗುಂಡು ಲೆನ್ಸ್) ಇಲ್ಲದ ಡೂಮಿಗೆ ಅದನ್ನು ಹಾಕಿದರೆ ಎದುರಿನ ಬಸ್ ಡ್ರೈವರ್ ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ. ಯುರೋಪಿನಲ್ಲಿ ಅಷ್ಟು ಬೆಳಕಿನ ಲೈಟಿಗೆ ತಾನಾಗೇ ಎತ್ತರ ಸರಿ ಮಾಡಿಕೊಳ್ಳುವ ವ್ಯವಸ್ಥೆ, ಗ್ಲಾಸ್ ತೊಳೆಯುವ ವಾಷರ್ ಎರಡನ್ನೂ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಘಾಟಿಯಲ್ಲಿ ಕುರುಡಾದ ಬಸ್ ಡ್ರೈವರ್ ಬರುವುದು ನಿಮ್ಮ ಕಡೆಗೇ.

ಪ್ರಶ್ನೆ (ಅವರೇ):
ಫಾಗ್ ಲ್ಯಾಂಪ್ ಬಗ್ಗೆ ಹೇಳಲಿಲ್ಲ. ಹಳದಿ ಬೆಳಕು ಮಂಜನ್ನು ಸೀಳುತ್ತದಂತೆ, ಹೌದಾ? ಮತ್ತೆ ನನ್ನದರಲ್ಲಿ 35 ವ್ಯಾಟ್ ಬಲ್ಬ್ ಇದೆ, 55 ಹಾಕಬಹುದಾ?

ಉತ್ತರ:
ಯಾವ ಬಣ್ಣವೂ ಮಂಜನ್ನು ಸೀಳಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗೆ ಹೋಲಿಸಿದರೆ ತುಂಬಾ ದೊಡ್ಡವು, ಹಾಗಾಗಿ ಹಳದಿ, ಬಿಳಿ ಎಲ್ಲವನ್ನೂ ಒಂದೇ ಸಮ ಚದುರಿಸುತ್ತವೆ. ಹಳದಿಯಲ್ಲಿ ನೀಲಿ ಇರುವುದಿಲ್ಲ, ಅದರಿಂದ ಕಣ್ಣಿಗೆ ಚುಚ್ಚುವುದು ಕಡಿಮೆ, ಅಷ್ಟೇ ಲಾಭ. ಫ್ರಾನ್ಸಿನಲ್ಲಿ 1936ರಿಂದ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕಿತ್ತು, ಆಮೇಲೆ ಬಿಟ್ಟರು. ನಿಮಗೆ ಹಳದಿ ಹಿತ ಅನಿಸಿದರೆ ಹಾಕಿಸಿ. 6000 ಕೆಲ್ವಿನ್ ಅಂತ ಬರೆದಿರುವ ನೀಲಿ ಛಾಯೆಯ ಬಿಳಿ ಮಾತ್ರ ಮಂಜಿಗೆ ತರಬೇಡಿ.

ಫಾಗ್ ಲ್ಯಾಂಪ್ ಕೆಲಸ ಮಾಡುವುದು ಅದು ಕೂತಿರುವ ಜಾಗದಿಂದ. ಬಂಪರಿನ ಕೆಳಗೆ, ನೆಲದ ಹತ್ತಿರ ಇರುತ್ತದೆ. ಬೆಳಕು ಅಗಲವಾಗಿ, ಮೇಲೆ ಏರದೆ, ರಸ್ತೆಯ ಅಂಚಿಗೆ ಬೀಳಬೇಕು. ತುಂಬಾ ಜನ ಅದನ್ನು ಮೇಲಕ್ಕೆ ತಿರುಗಿಸಿಟ್ಟು ಎರಡನೇ ಹೆಡ್‌ಲೈಟ್ ಮಾಡಿಕೊಂಡಿರುತ್ತಾರೆ. ಮೇಲೆ ಹೋದ ಬೆಳಕು ಮಂಜಿಗೆ ಬಡಿದು ನಿಮ್ಮ ಮುಖಕ್ಕೇ ವಾಪಸ್. ಹೈಬೀಮ್ ಹಾಕಿದರೆ ಬಿಳಿ ಗೋಡೆ ಕಾಣುವುದೂ ಇದೇ ಕಾರಣಕ್ಕೆ. ದಟ್ಟ ಮಂಜಿನಲ್ಲಿ ಡಿಮ್ ಮತ್ತು ಫಾಗ್, ಜೊತೆಗೆ ನಿಧಾನ.

35ರ ಜಾಗಕ್ಕೆ 55 ಬೇಡ. ನಿಮ್ಮದು ಎಚ್8 ಇರಬೇಕು, 55 ವ್ಯಾಟಿನದು ಎಚ್11. ನೋಡೋಕೆ ಅಣ್ಣ ತಮ್ಮ, ಆದರೆ ತಪ್ಪಿ ಹಾಕಬಾರದು ಅಂತಲೇ ಬುಡದ ಕಿವಿಗಳನ್ನು ಬೇರೆ ಬೇರೆ ಮಾಡಿದ್ದಾರೆ. ಕೆಲವರು ಆ ಕಿವಿ ಕತ್ತರಿಸಿ ತುರುಕುತ್ತಾರೆ. ಸಣ್ಣ ಡಬ್ಬಿ, ಪ್ಲಾಸ್ಟಿಕ್ ಗ್ಲಾಸ್, ಟ್ರಾಫಿಕ್ಕಿನಲ್ಲಿ ನಿಂತಾಗ ಗಾಳಿ ಇಲ್ಲ, ಗ್ಲಾಸ್ ಗುಳ್ಳೆ ಏಳುತ್ತದೆ.

ಪ್ರಶ್ನೆ (ಹಾಸನದ ಮೇಡಂ):
ಹಳೇ ಹ್ಯಾಲೊಜೆನ್ ಬಲ್ಬ್ ಇಟ್ಟುಕೊಂಡಿದ್ದೆ, ಅದನ್ನೇ ಮತ್ತೆ ಹಾಕಿಸಿದೆ. ಫೋಕಸ್ ಸೆಟ್ಟಿಂಗ್ ಮನೆಯಲ್ಲೇ ನೋಡಬಹುದಾ?

ಉತ್ತರ:
ನೋಡಬಹುದು. ಸಮತಟ್ಟಾದ ಜಾಗ, ಟೈರಿನಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಒಳಗೆ ಲೈಟ್ ಮೇಲೆ ಕೆಳಗೆ ಮಾಡುವ ಚಕ್ರ ಇದ್ದರೆ 0ಗೆ ಇಡಿ. ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ನಡುವಿನ ಎತ್ತರವನ್ನು ನೆಲದಿಂದ ಅಳೆದು ಗೋಡೆಯಲ್ಲಿ ಚಾಕ್ ಗೆರೆ ಹಾಕಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಡೂಮಿನ ಹಿಂದೆ ತಿರುಪು ಇರುತ್ತದೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಡಿಕ್ಕಿ ತುಂಬ ಸಾಮಾನು, ಹಿಂದೆ ಮೂರು ಜನ ಕೂತು ಊರಿಗೆ ಹೊರಟಾಗ ಕಾರಿನ ಹಿಂಭಾಗ ಕುಸಿದು ಲೈಟ್ ಮೇಲಕ್ಕೇಳುತ್ತದೆ. ಆ ಚಕ್ರ ಇರುವುದು ಅದಕ್ಕೇ, ಆಗ 2ಕ್ಕೋ 3ಕ್ಕೋ ಇಡಿ.

ಪ್ರಶ್ನೆ (ಚಾರ್ಮಾಡಿಯವರು, ಹತ್ತು ದಿನದ ಮೇಲೆ):
ಅಣ್ಣ, ಎಲ್ಲ ಮಾಡಿಸಿದೆ. ರಿಲೇ ಕಿಟ್ 850, ಹೋಲ್ಡರ್ ಎರಡು ಸೇರಿ 200, ಬಲ್ಬ್ ಜೋಡಿ 400, ಗ್ಲಾಸ್ ಪಾಲಿಷ್ 900, ಕೂಲಿ 600. ಒಟ್ಟು 2950. ಈಗ ಬಲ್ಬಿನಲ್ಲಿ 13.4 ತೋರಿಸುತ್ತೆ, ಎರಡೂ ಕಡೆ. ಶನಿವಾರ ಇಳಿದೆ, ಮಳೆ ಇತ್ತು, ತಡೆಗೋಡೆಯ ಬಣ್ಣ ಕೂಡ ಕಂಡಿತು. ಭಾವ ಪಕ್ಕದಲ್ಲೇ ಕೂತಿದ್ದರು, ಏನೂ ಮಾತಾಡಲಿಲ್ಲ. ಆದರೆ ಬೆಳಿಗ್ಗೆ ನೋಡಿದರೆ ಎಡಗಡೆ ಡೂಮ್ ಒಳಗೆ ನೀರಿನ ಹನಿ. ಪಾಲಿಷ್ ಮಾಡುವಾಗ ಸೀಳಿದರಾ?

ಉತ್ತರ:
ಸೀಳಿರಲ್ಲ. ತೆಳ್ಳಗೆ ಆವಿ ಕಟ್ಟಿದ್ದರೆ ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಹೋಗುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಹನಿ ಹನಿಯಾಗಿ ಇಳಿಯುತ್ತಿದ್ದರೆ ಬಾನೆಟ್ ತೆಗೆದು ಡೂಮಿನ ಹಿಂದೆ ಕೈ ಹಾಕಿ. ಹೊಸ ವೈರ್ ಹಾಕಿದವರು ರಬ್ಬರ್ ಕ್ಯಾಪನ್ನು ಅರ್ಧಂಬರ್ಧ ಒತ್ತಿ ಬಿಟ್ಟಿರುತ್ತಾರೆ, ನನ್ನ ಹುಡುಗರೂ ಮಾಡ್ತಾರೆ. ಸುತ್ತ ಒತ್ತುತ್ತಾ ಬನ್ನಿ, ಕೂತಾಗ ಗೊತ್ತಾಗುತ್ತದೆ. ಕ್ಯಾಪ್ ಹರಿದಿದ್ದರೆ ಫೋಟೋ ಹಾಕಿ, ಯಾವುದು ತರಬೇಕು ಹೇಳ್ತೀನಿ.