ವಿಟಮಿನ್ ಡಿ ಹೊರುವ ಪ್ರೋಟೀನ್ ತರಿಸಿದರೆ ವಯಲ್ ಖಾಲಿ!

ಕೊಣಾಜೆ ಹುಡುಗಿ:
ನಮ್ಮ ಲ್ಯಾಬಿಗೆ ಮನುಷ್ಯರ ವಿಟಮಿನ್ ಡಿ ಬೈಂಡಿಂಗ್ ಪ್ರೋಟೀನ್ ಬಂದಿದೆ. ರೀಕಾಂಬಿನೆಂಟ್ (ಜೀವಕೋಶಕ್ಕೆ ಜೀನ್ ಸೇರಿಸಿ ಮಾಡಿಸಿದ್ದು), 50 ಮೈಕ್ರೋಗ್ರಾಂ ಪುಡಿ. ವಯಲ್‌ನಲ್ಲಿ, ಅಂದರೆ ಅದರ ಸಣ್ಣ ಸೀಸೆಯಲ್ಲಿ, ಎಂತದೂ ಕಾಣುವುದಿಲ್ಲ. ಗೈಡ್ ಮುಖ ಸಣ್ಣದಾಗಿದೆ. ಮೇಲಾಗಿ ಆಟಿ ತಿಂಗಳ ಮಳೆ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಕರಗಿಸಿ ಇಡಲಾ, ಪುಡಿಯಾಗಿಯೇ ಬಿಡಲಾ? ಇದಕ್ಕೆ 25-ಹೈಡ್ರಾಕ್ಸಿ ವಿಟಮಿನ್ ಡಿ (ರಕ್ತದಲ್ಲಿ ಓಡಾಡುವ ವಿಟಮಿನ್ ಡಿ ರೂಪ) ಎಷ್ಟು ಬಿಗಿಯಾಗಿ ಅಂಟುತ್ತದೆ ಅಂತ ನೋಡಬೇಕು.

ಹಳೆ ಪಿಪೆಟ್, ಮಣಿಪಾಲ:
ಖಾಲಿ ಅಲ್ಲ ಮಾರಾಯ್ರೇ. 50 ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಮಿನ 20ನೇ ಒಂದು ಪಾಲು. ಕಣ್ಣಿಗೆ ಕಾಣುವುದೇ ಕಷ್ಟ. ಮುಚ್ಚಳಕ್ಕೆ ಅಂಟಿರಬಹುದು, ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಸ್ವಲ್ಪ ತಿರುಗಿಸಿ. ನಾನು ಒಮ್ಮೆ ಸುಮ್ನೆ ಮುಚ್ಚಳ ತೆಗೆದು ಪುಡಿಯನ್ನು ಫ್ಯಾನ್ ಗಾಳಿಗೆ ದಾನ ಮಾಡಿದ್ದೇನೆ. ಕರಗಿಸುವಾಗ ವೋರ್ಟೆಕ್ಸ್ (ಟ್ಯೂಬ್ ಜೋರಾಗಿ ಅಲ್ಲಾಡಿಸುವ ಯಂತ್ರ) ಬೇಡ, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ. ಈಗಲೇ ಬೇಡದಿದ್ದರೆ ಪುಡಿಯಾಗಿಯೇ ಇರಲಿ, ಕರೆಂಟ್ ಹೋದರೂ ಅದು ಹೆಚ್ಚು ತಡೆಯುತ್ತದೆ. ಕರಗಿಸಿದರೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿ ಫ್ರೀಜರಿಗೆ ಹಾಕಿ. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಬಾರದು.

ಮಲ್ಪೆ ಬಂಗುಡೆ:
ಜೊತೆಗೆ ಅಲ್ಬುಮಿನ್ (ರಕ್ತದ ಇನ್ನೊಂದು ಪ್ರೋಟೀನ್) ಸೇರಿಸಿದ್ದಾರಾ ನೋಡಿ. ಅದಕ್ಕೂ ವಿಟಮಿನ್ ಡಿ ಅಂಟುತ್ತದೆ, ಸಡಿಲವಾಗಿ. ಜಾಸ್ತಿ ಇದ್ದರೆ ನಿಮ್ಮ ಲೆಕ್ಕ ತಪ್ಪಿತು ಅಂತಲೇ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದಾ, ಮನುಷ್ಯರ ಜೀವಕೋಶದಲ್ಲಾ? ಸಾಮಾನ್ಯ ಇ. ಕೋಲಿಯದಾದರೆ ನಮ್ಮ ರಕ್ತದ ಪ್ರೋಟೀನಿಗೆ ಇರುವ ಸಕ್ಕರೆ ಸರಪಳಿ ಅದಕ್ಕೆ ಇರುವುದಿಲ್ಲ.

ಕೊಣಾಜೆ ಹುಡುಗಿ:
ಚೀಟಿ ನೋಡಿದೆ. ಅಲ್ಬುಮಿನ್ ಇಲ್ಲ, ಮನುಷ್ಯರ ಜೀವಕೋಶದ್ದೇ. ತಿರುಗಿಸಿದ ಮೇಲೆ ತಳದಲ್ಲಿ ಒಂದು ಬಿಳಿ ಚುಕ್ಕೆ! ಗೈಡ್‌ಗೆ ಫೋಟೋ ಕಳಿಸಿದೆ.