ಜಪಾನಿನ 'ಥರ್ಡ್ ಸೆಕ್ಟರ್' ರೈಲ್ವೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಇವಾಟೆ ಪ್ರಾಂತದ ಕಡಲಂಚಿನಲ್ಲಿ ಓಡುವ ಸಾನ್ರಿಕು ರೈಲ್ವೆ ಬಗ್ಗೆ ಬರೆಯುತ್ತಿದ್ದೇನೆ. 'ಥರ್ಡ್ ಸೆಕ್ಟರ್' ಅನ್ನುವ ಮಾತು ಬಂದಲ್ಲೆಲ್ಲ ಪೆನ್ನು ನಿಲ್ಲುತ್ತಿದೆ. ಅಲ್ಲಿಯವರು ಚುಟುಕಾಗಿ 'ಸಾನ್‌ಸೆಕು' ಅನ್ನುತ್ತಾರೆ. ಸರ್ಕಾರದ್ದು ಮೊದಲನೆಯದು, ಖಾಸಗಿಯವರದು ಎರಡನೆಯದು, ಇಬ್ಬರೂ ದುಡ್ಡು ಹಾಕಿ ಕಟ್ಟಿದ ಕಂಪನಿ ಮೂರನೆಯದು.

'ಮೂರನೇ ವಲಯ' ಅಂದರೆ ನಮ್ಮವರಿಗೆ ಅರ್ಥಶಾಸ್ತ್ರದ ಪಾಠದ ಸೇವಾ ವಲಯ ನೆನಪಾಗುತ್ತದೆ. ಎನ್‌ಜಿಒಗಳಿಗೂ ಇಂಗ್ಲಿಷಿನಲ್ಲಿ ಇದೇ ಹೆಸರಿದೆ. ಹಾಗಾಗಿ ಅದು ಬೇಡ.

'ಅರೆಸರ್ಕಾರಿ' ಹತ್ತಿರ ಬರುತ್ತದೆ, ಆದರೆ ಕಡತದ ವಾಸನೆ ಜಾಸ್ತಿ. ಈ ಕಂಪನಿಯ ಕಥೆಯೇ ಬೇರೆ. 1980ರ ಹೊತ್ತಿಗೆ ಜಪಾನಿನ ರಾಷ್ಟ್ರೀಯ ರೈಲ್ವೆ ಸಾಲದಲ್ಲಿ ಮುಳುಗಿತ್ತು. ನಷ್ಟದ ಸಣ್ಣ ಮಾರ್ಗಗಳನ್ನು ಕೈಬಿಡಲು ಕಾನೂನು ಬಂತು. ಇವಾಟೆ ಪ್ರಾಂತ, ದಾರಿಯುದ್ದದ ಊರುಗಳು, ಖಾಸಗಿ ಕಂಪನಿಗಳು ಸೇರಿ 1981ರಲ್ಲಿ ಸಾನ್ರಿಕು ಕಂಪನಿ ಕಟ್ಟಿದವು. 1984ರ ಏಪ್ರಿಲ್ 1ರಂದು ಗಾಡಿ ಓಡಿತು. ಹಾಗೆ ಕೈಬಿಟ್ಟ ಮಾರ್ಗಗಳನ್ನು ವಹಿಸಿಕೊಂಡ ಥರ್ಡ್ ಸೆಕ್ಟರ್ ಕಂಪನಿಗಳಲ್ಲಿ ಇದೇ ಮೊದಲನೆಯದು.

2011ರ ಮಾರ್ಚ್ 11ರ ಸುನಾಮಿಯಲ್ಲಿ ಶಿಮಾನೊಕೊಶಿ ನಿಲ್ದಾಣವೇ ಕೊಚ್ಚಿಹೋಯಿತು. ಕಂಪನಿಯ ಮುಖ್ಯ ಕಚೇರಿ ಇರುವ ಮಿಯಾಕೊದಲ್ಲಿ ಕರೆಂಟ್ ಇಲ್ಲ. ಕಂಪನಿಯವರು ನಿಲ್ದಾಣದಲ್ಲಿ ನಿಂತಿದ್ದ ಡೀಸೆಲ್ ಬೋಗಿಯೊಳಗೇ ಕಚೇರಿ ಹೂಡಿದರು. ಇಂಜಿನ್ ಚಾಲೂ ಇಟ್ಟರೆ ಲೈಟೂ ಉಂಟು, ಆ ಚಳಿಗೆ ಹೀಟರೂ ಉಂಟು. 16ರಂದೇ ಕುಜಿಯಿಂದ ರಿಕುಚು ನೋದಾ ತನಕ ಗಾಡಿ ಬಿಟ್ಟರು! ಇದನ್ನು ಬರೆದು, ಪಕ್ಕದಲ್ಲೇ 'ಅರೆಸರ್ಕಾರಿ' ಅಂತ ಹಾಕಲು ನನಗೆ ಮನಸ್ಸಿಲ್ಲ. ಕಂಪನಿಯ ಉತ್ತರ, ದಕ್ಷಿಣ ತುಂಡುಗಳೆರಡೂ ಪೂರ್ತಿ ಸರಿಹೋಗಲು 2014ರ ಏಪ್ರಿಲ್ ಆಯಿತು. ಆ ಖರ್ಚು ಬಹುಪಾಲು ಸರ್ಕಾರದ ಬೊಕ್ಕಸದಿಂದಲೇ ಬಂತು ಅನ್ನುವುದೂ ನಿಜ. ನಡುವಿನ ಮಿಯಾಕೊ–ಕಾಮಾಯಿಶಿ ತುಂಡು ಆಗ ಜೆಆರ್ ಈಸ್ಟ್ ಅನ್ನುವ ಬೇರೆ ರೈಲ್ವೆ ಕಂಪನಿಯದಾಗಿತ್ತು. ಅಲ್ಲಿ ಮತ್ತೆ ರೈಲು ಓಡಿದ್ದು 2019ರ ಮಾರ್ಚಿನಲ್ಲಿ, ಅದೂ ಸಾನ್ರಿಕು ಕೈಗೆ ಬಂದ ಮೇಲೆ. ಈಗ ಸಕಾರಿಯಿಂದ ಕುಜಿವರೆಗೆ 163 ಕಿ.ಮೀ. ಒಂದೇ ಮಾರ್ಗ.

ನಮ್ಮ ಕೊಂಕಣ ರೈಲ್ವೆಯೂ ಹೀಗೇ ಅಲ್ವಾ ಅಂತ ಯಾರಾದರೂ ಕೇಳಬಹುದು. ಅದರಲ್ಲಿ ಕೇಂದ್ರ, ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲು ಹಾಕಿವೆ. ಎಲ್ಲವೂ ಸರ್ಕಾರಗಳೇ, ಖಾಸಗಿಯವರಿಲ್ಲ. ಹಾಗಾಗಿ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಸದ್ಯಕ್ಕೆ 'ಜಂಟಿ ಒಡೆತನದ ರೈಲ್ವೆ' ಅಂತ ಬರೆದಿಟ್ಟಿದ್ದೇನೆ. 'ಸಾರ್ವಜನಿಕ-ಖಾಸಗಿ ಸಹಭಾಗಿತ್ವ' ಅಂತ ಬರೆದರೆ ಓದುಗರು ಟೋಲ್ ರಸ್ತೆಗೆ ಹೋಗಿಬಿಡುತ್ತಾರೆ. ಆದರೆ 'ಜಂಟಿ' ಅಂದಾಗ ಪಹಣಿಯ ಜಂಟಿ ಖಾತೆಯ ಹಾಗೆ ಎಲ್ಲರದೂ ಸಮಪಾಲು ಅನ್ನಿಸುತ್ತದಾ? ಇಲ್ಲಿ ದೊಡ್ಡ ಪಾಲು ಇವಾಟೆ ಪ್ರಾಂತದ್ದು. ಕಂದಾಯ, ಬ್ಯಾಂಕ್ ಕಾಗದಪತ್ರ ದಿನಾ ನೋಡುವವರು ದಯವಿಟ್ಟು ಹೇಳಿ. ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ.